ಹಿಡಿ ಕಾಳಿನ ಗೆಳೆತನ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಪಾರಿವಾಳಕ್ಕೆ ಶತ್ರುಗಳಿದ್ದಾರೆ, ದಾನಿಗಳೂ ಇದ್ದಾರೆ. ಗೆಳೆಯರು ಮಾತ್ರ ತೀರ ಕಡಿಮೆ. ಒಬ್ಬರು ಬಾಲ್ಕನಿಗೆ ನೈಲಾನ್ ಬಲೆ ಬಿಗಿಸಿ, ಕಿಟಕಿಯ ಸಜ್ಜಾದ ಮೇಲೆ ಮುಳ್ಳಿನ ಪಟ್ಟಿ ಅಂಟಿಸಿ, ಬೆಳಗಾದರೆ ಚಪ್ಪಾಳೆ ತಟ್ಟಿ ಓಡಿಸುತ್ತಾರೆ. ಇನ್ನೊಬ್ಬರು ಅಮಾವಾಸ್ಯೆಗೋ ಹುಟ್ಟುಹಬ್ಬಕ್ಕೋ ಐದು ಕೆ.ಜಿ. ಜೋಳ ತಂದು ತಾರಸಿಯ ಮೇಲೆ ಸುರಿದು, ಕೈಮುಗಿದು ಇಳಿದುಹೋಗುತ್ತಾರೆ. ಇಬ್ಬರ ಕಣ್ಣಿಗೂ ಪಾರಿವಾಳವೆಂದರೆ ಬರೀ ಒಂದು ಗುಂಪು. ಆ ಗುಂಪಿನೊಳಗೆ ಎಡಗಾಲಿನ ಬೆರಳು ಕಳೆದುಕೊಂಡ ಒಂದು ಹಕ್ಕಿ ಇದೆ, ಅದಕ್ಕೊಂದು ಜೋಡಿಯಿದೆ, ಆ ಜೋಡಿ ಮೂರನೇ ಮಹಡಿಯ ಎಸಿ ಪೆಟ್ಟಿಗೆಯ ಹಿಂದೆ ಕಾವಿಗೆ ಕೂತಿದೆ ಎಂಬುದು ಇಬ್ಬರಿಗೂ ಗೊತ್ತಿಲ್ಲ.

ಕಿಟಕಿಗೆ ಬರುವ ಒಂದೆರಡು ಪಾರಿವಾಳಗಳ ಗುರುತು ಹಿಡಿದು, ಅಳತೆಯ ಕಾಳು ಇಟ್ಟು, ಅವುಗಳ ಸಂಸಾರವನ್ನು ಹತ್ತಿರದಿಂದ ನೋಡುವುದು ಒಳ್ಳೆಯ ಕೆಲಸವೆಂದು ನಾನು ನಂಬಿದ್ದೇನೆ. ಮೂಟೆಗಟ್ಟಲೆ ಕಾಳು ಚೆಲ್ಲುವುದರಿಂದ ಮನುಷ್ಯರಿಗೂ ಪಾರಿವಾಳಕ್ಕೂ ಕೆಡುಕೇ ಎಂದೂ ಅಷ್ಟೇ ಗಟ್ಟಿಯಾಗಿ ನಂಬಿದ್ದೇನೆ. ಪಾರಿವಾಳದ ಜಗಳ ಈಗ ನಿವಾಸಿಗಳ ಸಂಘದ ಸಭೆಯಿಂದ ಹೈಕೋರ್ಟಿನವರೆಗೂ ಹೋಗಿದೆ. ಈ ಎರಡು ಮಾತನ್ನೂ ಒಟ್ಟಿಗೆ ಹೇಳುವವರು ಆ ಜಗಳದಲ್ಲಿ ಕಾಣುತ್ತಿಲ್ಲ.

ಬಂಡೆ ಬಿಟ್ಟು ಬಾಲ್ಕನಿಗೆ

ನಮ್ಮ ಕಿಟಕಿಯ ಪಾರಿವಾಳದ ವೈಜ್ಞಾನಿಕ ಹೆಸರು ಕೊಲಂಬಾ ಲಿವಿಯಾ. ಅದು ಹುಟ್ಟಾ ಬಂಡೆಯ ಹಕ್ಕಿ, ಮರದ ಹಕ್ಕಿಯಲ್ಲ. ಕಡಿದಾದ ಕಲ್ಲಿನಲ್ಲಿ ಅಂಗೈ ಅಗಲದ ಚಾಚು ಸಿಕ್ಕರೆ ಸಾಕು, ನಾಲ್ಕು ಕಡ್ಡಿ ಒಟ್ಟಿ ಮೊಟ್ಟೆ ಇಡುತ್ತದೆ. ಜೋಗದ ಬಂಡೆಯ ಸಂದುಗಳಲ್ಲಿ ಬಾನಾಡಿಗಳ ಜೊತೆ ನೀಲಿ ಪಾರಿವಾಳಗಳು ಸುಳಿದಾಡುವುದನ್ನು ಕಂಡವರಿಗೆ ಇದರ ತವರು ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಮುರ್ಡೇಶ್ವರದ ಕಡೆಯಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪಕ್ಕೆ ಇಂಗ್ಲಿಷ್ ನಕಾಶೆಗಳಲ್ಲಿ ಪಿಜನ್ ಐಲ್ಯಾಂಡ್ ಎಂದೇ ಹೆಸರು. ಹತ್ತು ಮಹಡಿಯ ಕಟ್ಟಡ, ಅದರ ಸಜ್ಜಾಗಳು, ಪೈಪು ಇಳಿಬಿಟ್ಟ ಡಕ್ಟು, ಇವೆಲ್ಲ ಪಾರಿವಾಳದ ಪಾಲಿಗೆ ಬಂಡೆಯೇ. ಮರ ಕಡಿದರೆ ಗಿಳಿಯ ಮನೆ ಹೋಗುತ್ತದೆ. ನಾವು ಕಾಂಕ್ರೀಟು ಎಬ್ಬಿಸಿದಷ್ಟೂ ಪಾರಿವಾಳದ ಮನೆ ಹೆಚ್ಚುತ್ತದೆ. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಬಂದ ವರದಿ, ಅನೇಕ ಹಕ್ಕಿಗಳು ಕುಗ್ಗುತ್ತಿರುವಾಗಲೂ ಹೆಚ್ಚುತ್ತಿರುವ ಕೆಲವನ್ನು ಹೆಸರಿಸುತ್ತದೆ. ನವಿಲು ಮತ್ತು ಕೋಗಿಲೆಯ ಜೊತೆಗೆ ಆ ಪಟ್ಟಿಯಲ್ಲಿ ಪಾರಿವಾಳವೂ ಇದೆ.

ಮನುಷ್ಯನ ಒಡನಾಟ ಇದಕ್ಕೆ ಹೊಸದಲ್ಲ. ಸಾವಿರಾರು ವರ್ಷಗಳಿಂದ ನಾವು ಇದನ್ನು ಸಾಕಿದ್ದೇವೆ, ಹಾರಿಸಿದ್ದೇವೆ, ತಿಂದಿದ್ದೇವೆ, ಓಲೆ ಕಟ್ಟಿ ಕಳಿಸಿದ್ದೇವೆ. ಅಕ್ಬರನ ಬಳಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾರಿವಾಳಗಳಿದ್ದವೆಂದು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಬರೆದಿದ್ದಾನೆ. ಅವುಗಳನ್ನು ಹಾರಿಸುವ ಆಟಕ್ಕೆ ದರ್ಬಾರಿನಲ್ಲಿ ಇಶ್ಕ್‌ಬಾಜಿ ಎನ್ನುತ್ತಿದ್ದರು. ಡಾರ್ವಿನ್ 1855ರಿಂದ ಮನೆಯಲ್ಲೇ ಬಗೆಬಗೆಯ ತಳಿಗಳನ್ನು ಸಾಕಿ ಅಭ್ಯಾಸ ಮಾಡಿದ. 1859ರಲ್ಲಿ ಬಂದ ಅವನ ದೊಡ್ಡ ಗ್ರಂಥದ ಮೊದಲ ಅಧ್ಯಾಯದಲ್ಲೇ ಪಾರಿವಾಳಗಳಿವೆ. ನಮ್ಮ ಒಡಿಶಾ ಪೊಲೀಸರು 1946ರಲ್ಲಿ ಪಾರಿವಾಳ ಅಂಚೆಯನ್ನು ಶುರುಮಾಡಿದರು. 1948ರ ಏಪ್ರಿಲ್‌ನಲ್ಲಿ ಸಂಬಲ್ಪುರದಲ್ಲಿದ್ದ ಪ್ರಧಾನಿ ನೆಹರೂ ಅವರ ಸಂದೇಶವನ್ನು ಕಟಕ್‌ಗೆ ಒಯ್ದದ್ದು ಅಂಥದೊಂದು ಹಕ್ಕಿಯೇ.

ನಗರದ ಪಾರಿವಾಳಗಳಲ್ಲಿ ಬಹಳಷ್ಟು, ಹೀಗೆ ಸಾಕಿದವರ ಗೂಡಿನಿಂದ ತಪ್ಪಿಸಿಕೊಂಡ ಹಕ್ಕಿಗಳ ಸಂತಾನ. ಹಾಗಾಗಿ ಗುಂಪಿನಲ್ಲಿ ಬೂದುನೀಲಿಯ ಮಧ್ಯೆ ಒಂದು ಬಿಳಿಯದು, ಒಂದು ಇಟ್ಟಿಗೆ ಬಣ್ಣದ್ದು ಕಾಣಿಸುತ್ತದೆ. ಹಾಗಾಗಿಯೇ ಕುಟ್ರುಹಕ್ಕಿಯೋ ಮರಕುಟಿಗವೋ ಎಂದೂ ಮಾಡದ ಕೆಲಸವನ್ನು ಇದು ಮಾಡುತ್ತದೆ: ನಿಮ್ಮ ಕಿಟಕಿಯ ಸರಳಿನ ಮೇಲೆ ಕೂತು, ಕತ್ತು ಓರೆಮಾಡಿ, ಒಂದು ಕಣ್ಣಿನಿಂದ ಅಡುಗೆಮನೆಯ ಒಳಗನ್ನೆಲ್ಲ ನೋಡುತ್ತದೆ. ಕಾಡಿನ ಪ್ರಾಣಿಯನ್ನು ಮನೆಗೆ ಒಗ್ಗಿಸುವುದು ತಪ್ಪೆಂದು ನಾನು ಸಾಮಾನ್ಯವಾಗಿ ಹೇಳುತ್ತೇನೆ. ಪಾರಿವಾಳದ ವಿಷಯದಲ್ಲಿ ಹಾಗೆ ಹೇಳಲಾರೆ. ಒಗ್ಗಿಸುವ ಕೆಲಸವನ್ನು ನಮ್ಮ ಪೂರ್ವಜರು ಎಂದೋ ಮುಗಿಸಿದ್ದಾರೆ.

ಗುರುತು ಹಿಡಿಯುವ ಹಕ್ಕಿ

ಪ್ಯಾರಿಸ್ ನಗರದ ಉದ್ಯಾನವೊಂದರಲ್ಲಿ ಸಂಶೋಧಕರು ಒಂದು ಸರಳ ಪರೀಕ್ಷೆ ಮಾಡಿದರು. ಅದರ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಸುಮಾರು ಒಂದೇ ಮೈಕಟ್ಟಿನ ಇಬ್ಬರು ಬೇರೆ ಬೇರೆ ಬಣ್ಣದ ಕೋಟು ತೊಟ್ಟು ಪಾರಿವಾಳಗಳಿಗೆ ಕಾಳು ಹಾಕಿದರು. ಒಬ್ಬರು ಸುಮ್ಮನಿದ್ದರು, ಇನ್ನೊಬ್ಬರು ಅಟ್ಟಿಸಿಕೊಂಡು ಹೋದರು. ಮುಂದೆ ಇಬ್ಬರೂ ಸುಮ್ಮನಿದ್ದಾಗಲೂ ಪಾರಿವಾಳಗಳು ಅಟ್ಟಿದವರ ಹತ್ತಿರ ಸುಳಿಯಲಿಲ್ಲ. ಕೋಟುಗಳನ್ನು ಅದಲುಬದಲು ಮಾಡಿಕೊಂಡು ಬಂದರೂ ಮೋಸಹೋಗಲಿಲ್ಲ. ಅವು ಯಾರೂ ತರಬೇತಿ ಕೊಟ್ಟ ಹಕ್ಕಿಗಳಲ್ಲ, ಬೀದಿಯ ಪಾರಿವಾಳಗಳು. ಇದಕ್ಕೂ ಮೊದಲೇ, 1995ರಲ್ಲಿ, ಜಪಾನಿನ ಕೆಯೊ ವಿಶ್ವವಿದ್ಯಾಲಯದ ಶಿಗೆರು ವತನಬೆ ಮತ್ತು ಸಂಗಡಿಗರು ಕಲಾವಿದ ಮೊನೆಯ ಚಿತ್ರ ಯಾವುದು, ಪಿಕಾಸೊನ ಚಿತ್ರ ಯಾವುದು ಎಂದು ಬೇರ್ಪಡಿಸಲು ಪಾರಿವಾಳಗಳಿಗೆ ಕಲಿಸಿದ್ದರು. ಹಿಂದೆ ನೋಡಿರದ ಚಿತ್ರ ತೋರಿಸಿದಾಗಲೂ ಅವು ಸರಿಯಾಗಿ ಆರಿಸಿದವು.

ನಮ್ಮ ಮನೆಯ ಹಿಂಬದಿಯ ಯುಟಿಲಿಟಿಗೆ ಬರುವ ಜೋಡಿಗೂ ಈ ಜಾಣ್ಮೆ ಇದೆ. ನಾನು ಬಾಗಿಲು ತೆಗೆದರೆ ಎದುರಿನ ನೀರಿನ ಟ್ಯಾಂಕಿನಿಂದ ನೇರ ಇಳಿದು ಬರುತ್ತವೆ. ನೆಂಟರು ತೆಗೆದರೆ ಟ್ಯಾಂಕಿನ ಮೇಲೇ ಕೂತು ಕಾಯುತ್ತವೆ. ಗಂಡಿಗೆ ಕತ್ತು ದಪ್ಪ, ಹಸಿರು–ನೇರಳೆ ಹೊಳಪು ಗಾಢ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ. ಹೆಣ್ಣಿನ ರೆಕ್ಕೆಯ ತುಂಬ ಚೌಕಳಿ, ಬಾಲದಲ್ಲೊಂದು ಬಿಳಿ ಗರಿ. ಕಾಲಿನ ಬೆರಳು, ಕೊಕ್ಕಿನ ಬುಡದ ಬಿಳಿ ಉಬ್ಬು, ಕಣ್ಣಿನ ಕಿತ್ತಳೆಬಣ್ಣದ ಗಾಢತೆ, ಇಷ್ಟನ್ನು ನೋಡಲು ಕಲಿತರೆ ಯಾವ ಪಾರಿವಾಳವೂ ಇನ್ನೊಂದರಂತೆ ಕಾಣುವುದಿಲ್ಲ. ಮರಿ ಗೂಡು ಬಿಟ್ಟ ಹೊಸದರಲ್ಲಿ ಕಣ್ಣು ಕಂದು, ಕತ್ತಿನಲ್ಲಿ ಹೊಳಪಿಲ್ಲ. ಅದರಿಂದಲೇ ಎಳೆಯ ಹಕ್ಕಿ ಯಾವುದೆಂದು ಗೊತ್ತಾಗಿಬಿಡುತ್ತದೆ.

ಗೆಳೆತನ ಬೆಳೆಸಲು ಬೇಕಾದದ್ದು ಹೊತ್ತು ಮತ್ತು ತಾಳ್ಮೆ. ದಿನವೂ ಅದೇ ಸಮಯ, ಅದೇ ಜಾಗ, ಅದೇ ತಟ್ಟೆ. ಮೊದಮೊದಲು ಕಾಳಿಟ್ಟು ದೂರ ಸರಿಯಬೇಕು. ಆಮೇಲೆ ಅಲ್ಲೇ ಒಂದು ಮಣೆಯ ಮೇಲೆ ಕೂತು ಬೇರೆ ಕೆಲಸ ಮಾಡಿಕೊಂಡಿರಬೇಕು. ನೇರ ದಿಟ್ಟಿಸಬಾರದು, ಮೇಲಿನಿಂದ ಕೈ ಚಾಚಬಾರದು. ಮೇಲಿನಿಂದ ಬರುವ ನೆರಳು ಪಾರಿವಾಳದ ಪಾಲಿಗೆ ಹದ್ದು. ಅಂಗೈಯನ್ನು ನೆಲಕ್ಕೆ ತಾಗಿಸಿ, ಕಾಳಿಟ್ಟು, ಅಲುಗಾಡದೆ ಕೂತರೆ ಒಂದು ದಿನ ಗಂಡು ಮುಂದೆ ಬಂದು ಕುಕ್ಕುತ್ತದೆ. ಆ ಕೊಕ್ಕಿನ ಸಣ್ಣ ಏಟು, ಅಂಗೈಯ ಮೇಲೆ ಅದರ ಬೆಚ್ಚನೆಯ ಕೆಂಪು ಕಾಲು, ಇದನ್ನು ಅನುಭವಿಸಿದವರು ಪಾರಿವಾಳವನ್ನು ಹೊಲಸು ಹಕ್ಕಿ ಎಂದು ಮತ್ತೆಂದೂ ಕರೆಯಲಾರರು. ಹಿಡಿಯಲು ಮಾತ್ರ ಹೋಗಬೇಡಿ. ಒಂದು ಸಲ ಹಿಡಿದರೆ ಅಷ್ಟು ದಿನದ ನಂಬಿಕೆ ಮುರಿದುಬೀಳುತ್ತದೆ.

ಜೋಳ, ಸಜ್ಜೆ, ಗೋಧಿ, ಒಡೆದ ಮುಸುಕಿನ ಜೋಳ, ಒಂದಿಷ್ಟು ಹೆಸರುಕಾಳು, ಒಣ ಬಟಾಣಿ: ಪಾರಿವಾಳಕ್ಕೆ ಇದೇ ಊಟ. ಬ್ರೆಡ್ಡು, ಖಾರಾ ಬೂಂದಿ, ಚಿಪ್ಸು, ಮಿಕ್ಕ ಅನ್ನ ಬೇಡ. ಮುನ್ನೂರು ಗ್ರಾಂ ಆಸುಪಾಸಿನ ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ ಕಾಳು ಸಾಕು, ಅದರಲ್ಲೂ ಬಹುಪಾಲನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಆದ್ದರಿಂದ ಒಂದು ಜೋಡಿಗೆ ಒಂದು ಹಿಡಿ ಎನ್ನುವುದೇ ಧಾರಾಳ. ಕಾಲು ಗಂಟೆಯಲ್ಲಿ ತಿಂದು ಮುಗಿಸುವಷ್ಟನ್ನೇ ಇಟ್ಟು, ಉಳಿದರೆ ಎತ್ತಿಬಿಡಬೇಕು. ರಾತ್ರಿ ಉಳಿದ ಕಾಳಿಗೆ ಹೆಗ್ಗಣ ಬರುತ್ತದೆ. ಬೇಸಿಗೆಯಲ್ಲಿ ಕಾಳಿಗಿಂತ ನೀರು ದೊಡ್ಡದು. ಬೇರೆ ಬಹುಪಾಲು ಹಕ್ಕಿಗಳು ಒಂದು ಗುಟುಕು ಹೀರಿ ತಲೆಯೆತ್ತಿ ನುಂಗಿದರೆ, ಪಾರಿವಾಳ ಕೊಕ್ಕನ್ನು ಅದ್ದಿಟ್ಟು ಒಂದೇ ಸಮನೆ ಹೀರುತ್ತದೆ. ಅದಕ್ಕೆ ಕೊಕ್ಕು ಮುಳುಗುವಷ್ಟು ಆಳದ ಮಣ್ಣಿನ ಬಟ್ಟಲು ಬೇಕು, ನೀರನ್ನು ದಿನವೂ ಬದಲಿಸಬೇಕು.

ಇಷ್ಟು ಹತ್ತಿರವಾದ ಮೇಲೆ ಕಾಣುವ ಸಂಸಾರವೇ ಬೇರೆ. ಗಂಡು ಕತ್ತುಬ್ಬಿಸಿ ಗುಟುರು ಹಾಕುತ್ತ, ಬಾಲವನ್ನು ನೆಲಕ್ಕೆ ಸವರುತ್ತ ಹೆಣ್ಣಿನ ಸುತ್ತ ತಿರುಗುತ್ತದೆ. ಹೆಣ್ಣು ಒಪ್ಪಿದರೆ ಕೊಕ್ಕಿಗೆ ಕೊಕ್ಕು ಕೊಟ್ಟು ಗುಟುಕು ಕೇಳುತ್ತದೆ. ಗೂಡಿನ ಕಡ್ಡಿಗಳನ್ನು ಗಂಡು ಒಂದೊಂದಾಗಿ ತರುತ್ತದೆ. ಕೂತ ಹೆಣ್ಣು ಅದನ್ನು ತನ್ನ ಮೈಯ ಕೆಳಗೆ ಸಿಕ್ಕಿಸಿಕೊಳ್ಳುತ್ತದೆ. ಮೊಟ್ಟೆ ಎರಡು. ಬೆಳಗಿನ ಹೊತ್ತು ಏರಿದ ಮೇಲೆ ಸಂಜೆಯ ತನಕ ಗಂಡಿನ ಪಾಳಿ, ಉಳಿದ ಹೊತ್ತೆಲ್ಲ ಹೆಣ್ಣಿನದು. ಹದಿನೆಂಟು ದಿನದ ಸುಮಾರಿಗೆ ಮರಿ ಒಡೆಯುತ್ತದೆ. ಮೊದಲ ದಿನಗಳಲ್ಲಿ ಅದಕ್ಕೆ ಕೊಡುವುದು ಕಾಳಲ್ಲ, ಹಾಲು. ತಂದೆ ತಾಯಿ ಇಬ್ಬರ ಗಂಟಲ ಬುಡದ ಚೀಲದ ಒಳಪದರ ಗಿಣ್ಣಿನ ಹಾಗೆ ಕಳಚಿ ತಯಾರಾಗುವ, ಪ್ರೋಟೀನು ಕೊಬ್ಬು ತುಂಬಿದ ಆಹಾರ ಅದು. ಸ್ತನಿಗಳಲ್ಲಿ ಹಾಲು ಸುರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನೇ ಇಲ್ಲೂ ಕೆಲಸ ಮಾಡುತ್ತದೆ. ತಂದೆಯೂ ಹಾಲೂಡಿಸುವ ಸಂಸಾರ ನಮ್ಮ ಎಸಿ ಪೆಟ್ಟಿಗೆಯ ಹಿಂದೆ ನಡೆಯುತ್ತಿದೆ ಎಂದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಶಾಲೆಯ ಪಾಠದಲ್ಲಿ ಇದು ಇಲ್ಲದಿರುವುದು ನನಗೆ ನಿಜವಾಗಿ ಬೇಸರದ ಸಂಗತಿ.

ಪಾರಿವಾಳದ ಮರಿಯನ್ನು ಬೀದಿಯಲ್ಲಿ ಯಾರೂ ನೋಡುವುದಿಲ್ಲವಲ್ಲ, ಏಕೆಂದು ಕೇಳುವವರಿದ್ದಾರೆ. ತಿಂಗಳ ಹತ್ತಿರ ಗೂಡಿನಲ್ಲೇ ಬೆಳೆದು, ಹೊರಗೆ ಬರುವಾಗ ಅದು ಹೆಚ್ಚುಕಡಿಮೆ ದೊಡ್ಡ ಹಕ್ಕಿಯೇ ಆಗಿರುತ್ತದೆ.

ಹೋಟೆಲ್ ಕೋಣೆಯ ಬಿಳಿ ಪಾರಿವಾಳ

ಪಾರಿವಾಳದ ಗೆಳೆಯರಲ್ಲಿ ಜಗತ್ತು ಬಲ್ಲ ಹೆಸರು ನಿಕೋಲಾ ಟೆಸ್ಲಾ. ಎಸಿ ವಿದ್ಯುತ್ತನ್ನು ಮನೆಮನೆಗೆ ತಲುಪಿಸಲು ದಾರಿ ಮಾಡಿಕೊಟ್ಟ ಈ ವಿಜ್ಞಾನಿ ಬದುಕಿನ ಕೊನೆಯ ದಶಕಗಳನ್ನು ನ್ಯೂಯಾರ್ಕಿನ ಹೋಟೆಲುಗಳಲ್ಲಿ ಒಂಟಿಯಾಗಿ ಕಳೆದ. ಬ್ರಯಂಟ್ ಪಾರ್ಕಿಗೂ ಅದರ ಪಕ್ಕದ ಸಾರ್ವಜನಿಕ ಗ್ರಂಥಾಲಯದ ಬಳಿಗೂ ಹೋಗಿ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ. ತಾನು ಹೋಗಲಾಗದ ದಿನ ಸಂದೇಶ ಒಯ್ಯುವ ಹುಡುಗನಿಗೆ ಹಣ ಕೊಟ್ಟು ಕಳಿಸುತ್ತಿದ್ದ. ಗಾಯಗೊಂಡವನ್ನು ಕೋಣೆಗೆ ತಂದು ಆರೈಕೆ ಮಾಡುತ್ತಿದ್ದ. ಹೋಟೆಲಿನವರಿಗೆ ಇದು ಕಿರಿಕಿರಿಯಾಯಿತು. ಆ ನೂರಾರು ಹಕ್ಕಿಗಳಲ್ಲಿ ಒಂದು ಬಿಳಿ ಹೆಣ್ಣು, ರೆಕ್ಕೆಯ ತುದಿಯಲ್ಲಿ ತಿಳಿಬೂದಿ ಬಣ್ಣದ್ದು, ಅವನಿಗೆ ಎಲ್ಲಕ್ಕಿಂತ ಹತ್ತಿರವಾಗಿತ್ತು. ಎಲ್ಲಿದ್ದರೂ ಅದು ತನ್ನನ್ನು ಹುಡುಕಿಕೊಂಡು ಬರುತ್ತಿತ್ತು, ಅದು ಸತ್ತ ದಿನ ತನ್ನ ಬದುಕಿನಿಂದಲೂ ಏನೋ ಹೊರಟುಹೋಯಿತು ಎಂದು ಆತ ಜಾನ್ ಓನೀಲ್‌ಗೆ ಹೇಳಿಕೊಂಡ. ಓನೀಲ್ ಇದನ್ನು ತಾನು ಬರೆದ, 1944ರಲ್ಲಿ ಬಂದ ಟೆಸ್ಲಾನ ಜೀವನಚರಿತ್ರೆಯಲ್ಲಿ ದಾಖಲಿಸಿದ. ಟೆಸ್ಲಾ ತೀರಿಕೊಂಡದ್ದು 1943ರ ಜನವರಿ 7ರಂದು, ಹೋಟೆಲ್ ನ್ಯೂಯಾರ್ಕರ್‌ನ 3327ನೇ ಕೋಣೆಯಲ್ಲಿ.

ಇದನ್ನು ಮುದುಕನ ಮರುಳೆಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಾವಿರ ಹಕ್ಕಿಗಳ ನಡುವೆ ಒಂದನ್ನು ಗುರುತಿಸಿದವನ ದುಃಖ ಅದು. ನಮ್ಮ ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತ ತನ್ನ 24 ಗುರುಗಳನ್ನು ಎಣಿಸುವಾಗ ಪಾರಿವಾಳವನ್ನೂ ಹೇಳುತ್ತಾನೆ. ಬೇಡನ ಬಲೆಗೆ ಮರಿಗಳು ಬಿದ್ದದ್ದನ್ನು ಕಂಡ ತಾಯಿ ತಾನೂ ಬಲೆಗೆ ಬೀಳುತ್ತದೆ, ಅದನ್ನು ಕಂಡು ತಂದೆಯೂ ಬೀಳುತ್ತದೆ. ಅತಿಮೋಹ ಸಲ್ಲದೆಂದು ಅವಧೂತ ಅದರಿಂದ ಕಲಿತ. ಇಂದಿನ ಅಪಾರ್ಟ್‌ಮೆಂಟಿನಲ್ಲಿ ಬಲೆ ಕಟ್ಟುವವರು ಗೂಡು ಇದೆಯೇ ಎಂದು ನೋಡದೆ ಬಿಗಿದಾಗ, ಒಳಗೆ ಉಳಿದ ಮರಿಗಾಗಿ ಹೊರಗಿನಿಂದ ಹೆತ್ತವು ಬಲೆಗೆ ಬಡಿದುಕೊಳ್ಳುತ್ತವೆ. ಅದನ್ನು ಕಂಡವರು ಪಾಠವನ್ನು ಹಕ್ಕಿಗೆ ಹೇಳಲಾರರು, ಬಲೆ ಕಟ್ಟಿಸಿದವರಿಗೆ ಹೇಳಿಯಾರು.

ಪುಪ್ಪಸದ ಮಾತು

ಇನ್ನು ಪಾರಿವಾಳದಿಂದ ಕಾಯಿಲೆ ಬರುವ ಭಯದ ವಿಷಯ. ಇದು ಉತ್ಪ್ರೇಕ್ಷೆಯೂ ಅಲ್ಲ, ಮುಚ್ಚಿಡುವಂಥದ್ದೂ ಅಲ್ಲ. ಒಣಗಿದ ಹಿಕ್ಕೆಯ ಧೂಳು, ರೆಕ್ಕೆಯಿಂದ ಉದುರುವ ಬಿಳಿ ಪುಡಿ, ಇವುಗಳಲ್ಲಿನ ಪ್ರೋಟೀನು ಉಸಿರಿನ ಜೊತೆ ಒಳಹೋಗುತ್ತದೆ. ಕೆಲವರ ದೇಹ ಇದರ ಮೇಲೆ ಯುದ್ಧಕ್ಕೇ ನಿಲ್ಲುತ್ತದೆ. ವೈದ್ಯರು ಇದನ್ನು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎನ್ನುತ್ತಾರೆ. ಹೊತ್ತಿಗೆ ಗೊತ್ತಾಗಿ ಧೂಳಿನಿಂದ ದೂರವಾದರೆ ಗುಣ ಕಾಣಬಹುದು. ವರ್ಷಗಟ್ಟಲೆ ಮುಂದುವರಿದರೆ ಪುಪ್ಪಸದಲ್ಲಿ ಗಾಯದ ಗಂಟು ಬೆಳೆದು ಉಸಿರಾಟ ಕುಗ್ಗುತ್ತದೆ, ಆ ಹಾನಿ ಹಿಂದಿರುಗುವುದಿಲ್ಲ. 2012ರಿಂದ 2015ರವರೆಗೆ ದೇಶದ 27 ಕೇಂದ್ರಗಳಲ್ಲಿ, ಪುಪ್ಪಸದ ಅಂಗಾಂಶದ ಕಾಯಿಲೆಯೆಂದು ಹೊಸದಾಗಿ ಗುರುತಿಸಿದ 1,084 ಜನರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ, ಸುಮಾರು ಶೇ 47 ಮಂದಿಗೆ ಇದ್ದದ್ದು ಇದೇ ಬಗೆಯ ಕಾಯಿಲೆ. ಕಾರಣಗಳಲ್ಲಿ ಹಕ್ಕಿಗಳ ಒಡನಾಟವಿತ್ತು. ಅದಕ್ಕಿಂತ ಮುಂದೆ ಇದ್ದದ್ದು ಏರ್ ಕೂಲರ್. ಪಾರಿವಾಳವೊಂದನ್ನೇ ಖಳನಾಯಕ ಮಾಡುವವರು ಈ ಎರಡನೆಯ ಮಾತನ್ನು ಹೇಳುವುದಿಲ್ಲ, ಪಾರಿವಾಳದ ಭಕ್ತರು ಮೊದಲನೆಯದನ್ನು ಹೇಳುವುದಿಲ್ಲ.

ನಾನು ಇಟ್ಟುಕೊಂಡ ಕಟ್ಟಳೆಗಳು ಇಷ್ಟು. ಮಲಗುವ ಕೋಣೆಯ ಕಿಟಕಿಯಲ್ಲಿ ಕಾಳು ಇಡುವುದಿಲ್ಲ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸುವುದಿಲ್ಲ. ಮುಖಕ್ಕೆ ಮಾಸ್ಕ್ ಹಾಕಿ, ನೀರು ಚಿಮುಕಿಸಿ, ನೆನೆದ ಮೇಲೆ ಒರೆಸುತ್ತೇನೆ. ನಮ್ಮ ಕೆಳಗಿನ ಮನೆಯಲ್ಲಿ ಉಬ್ಬಸವಿರುವ ಅಜ್ಜಿಯೊಬ್ಬರಿದ್ದಾರೆ. ಕಾಳಿಡುವ ಮೊದಲು ಹೋಗಿ ಅವರನ್ನು ಕೇಳಿದೆ, ಅವರ ಒಣಹಾಕುವ ಬಟ್ಟೆಯ ಮೇಲೆ ಬೀಳದ ಮೂಲೆಯನ್ನು ಅವರೇ ತೋರಿಸಿದರು. ಅವರು ಬೇಡ ಎಂದಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಮನೆಯಲ್ಲಿ ಆಸ್ತಮಾ, ಪುಪ್ಪಸದ ತೊಂದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಇದ್ದವರು ಕಾಳಿಡಲೇಬಾರದು. ದೂರದಿಂದ ನೋಡಿದರೂ ಹಕ್ಕಿ ಅಷ್ಟೇ ಚೆಂದ. ವಾರಗಟ್ಟಲೆ ಬಿಡದ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ, ವೈದ್ಯರಿಗೆ ನಮ್ಮ ಮನೆಗೆ ಪಾರಿವಾಳ ಬರುತ್ತದೆ ಎಂದು ನೀವಾಗಿಯೇ ಹೇಳಿ. ಅವರು ಕೇಳದಿರಬಹುದು.

ಮೂಟೆಯ ದಾನ

ಬೀದಿಯಲ್ಲಿ ಮೂಟೆ ಸುರಿದಾಗ ಆಗುವುದೇನು? ಮೇವು ಹುಡುಕಲು ದಿನವಿಡೀ ಅಲೆಯಬೇಕಿದ್ದ ಹಕ್ಕಿಗೆ ಒಂದು ಗಂಟೆಯಲ್ಲಿ ಹೊಟ್ಟೆ ತುಂಬುತ್ತದೆ. ಉಳಿದ ಹೊತ್ತೆಲ್ಲ ಸಂತಾನಕ್ಕೆ. ಪಾರಿವಾಳಕ್ಕೆ ಋತುವಿನ ಹಂಗಿಲ್ಲ. ಮೇವಿದ್ದರೆ ಗೂಡಿನ ಮರಿ ಹಾರುವ ಮೊದಲೇ ಮುಂದಿನ ಮೊಟ್ಟೆ ಇಡುತ್ತದೆ. ಗುಂಪು ಬೆಳೆದಂತೆ ಗೂಡಿನ ಜಾಗ ಸಾಲದೆ ಕಾದಾಟ, ಒಂದೇ ಜಾಗದಲ್ಲಿ ತಿಂದು ಹಿಕ್ಕೆ ಹಾಕುವುದರಿಂದ ರೋಗ, ಸಾಯುವ ಮರಿಗಳು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದಿತು. ಸಂಖ್ಯೆ ಇಳಿಯಲಿಲ್ಲ, ಸತ್ತವುಗಳ ಜಾಗವನ್ನು ಹೊಸ ಮರಿಗಳು ತುಂಬಿದವು. ಆಮೇಲೆ 1988ರಲ್ಲಿ ದಾರಿ ಬದಲಿಸಿ, ಕಾಳು ಚೆಲ್ಲುವುದು ಪಾರಿವಾಳಕ್ಕೇ ಹಿಂಸೆ ಎಂದು ಜನರಿಗೆ ತಿಳಿಹೇಳಿದರು. ಕೆಲವೇ ವರ್ಷಗಳಲ್ಲಿ ಗುಂಪುಗಳು ಅರ್ಧಕ್ಕೆ ಇಳಿದವು.

ಬರೀ ನಿಷೇಧದ ದಾರಿ ಹಿಡಿದ ಊರುಗಳೂ ಇವೆ. ಲಂಡನ್ 2003ರಲ್ಲಿ ಟ್ರಫಾಲ್ಗರ್ ಚೌಕದಲ್ಲಿ, ವೆನಿಸ್ 2008ರಲ್ಲಿ ಸೇಂಟ್ ಮಾರ್ಕ್ ಚೌಕದಲ್ಲಿ ಕಾಳು ಹಾಕುವುದನ್ನು ನಿಲ್ಲಿಸಿದವು. ಮುಂಬೈಯಲ್ಲಿ 2025ರ ಜುಲೈನಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ 51 ಕಬೂತರ್‌ಖಾನೆಗಳನ್ನು ಮುಚ್ಚಲು ಸರ್ಕಾರ ಹೊರಟಿತು, ಹೈಕೋರ್ಟ್ ಕಾಳು ಹಾಕುವವರ ಮೇಲೆ ಪ್ರಕರಣ ದಾಖಲಿಸಲು ಹೇಳಿತು, ಆಗಸ್ಟ್‌ನಲ್ಲಿ ದಾದರ್‌ನ ಕಬೂತರ್‌ಖಾನೆಗೆ ಹೊದಿಸಿದ್ದ ತಾಡಪಾಲನ್ನು ಜನ ಹರಿದುಹಾಕಿದರು. ಮೈಸೂರಿನಲ್ಲಿ ಅರಮನೆಯ ಎದುರು ಕಾಳು ಚೆಲ್ಲುವುದಕ್ಕೆ ಅದೇ ವರ್ಷ ಪರಂಪರೆ ತಜ್ಞರು ತಕರಾರು ಎತ್ತಿದರು. ಹಿಕ್ಕೆಯ ಆಮ್ಲ ಕಲ್ಲನ್ನೂ ಗಾರೆಯನ್ನೂ ತಿನ್ನುತ್ತದೆ. ಅವರ ಮಾತು ನನಗೆ ಸರಿಯೆನಿಸುತ್ತದೆ. ಆದರೆ ತಲೆಮಾರುಗಳಿಂದ ಒಂದೇ ಜಾಗದಲ್ಲಿ ಉಣಿಸಿ, ಒಂದು ರಾತ್ರಿ ತಾಡಪಾಲು ಹೊದಿಸುವುದು ಸರಿಯಲ್ಲ. ಹಸಿದ ಹಕ್ಕಿ ಅಲ್ಲೇ ಸುತ್ತಿ ಸುತ್ತಿ ಬೀಳುತ್ತದೆ. ಕಾಳನ್ನು ಕಡಿಮೆ ಮಾಡುವುದಾದರೆ ಹಂತಹಂತವಾಗಿ ಮಾಡಬೇಕು.

ಜರ್ಮನಿಯ ಆಗ್ಸ್‌ಬರ್ಗ್ 1990ರ ದಶಕದಲ್ಲಿ ಇನ್ನೊಂದು ದಾರಿ ತೋರಿಸಿತು. ನಗರಸಭೆಯೇ ಅಲ್ಲಲ್ಲಿ ಪಾರಿವಾಳದ ಮನೆ ಕಟ್ಟಿ, ಸರಿಯಾದ ಕಾಳು ನೀರು ಇಟ್ಟು, ಹಕ್ಕಿಗಳು ಅಲ್ಲೇ ನೆಲೆಸುವಂತೆ ಮಾಡುತ್ತದೆ. ಇಟ್ಟ ಮೊಟ್ಟೆಗಳನ್ನು ತೆಗೆದು ಪ್ಲಾಸ್ಟಿಕ್ಕಿನವನ್ನು ಇಡುತ್ತಾರೆ. ಹಕ್ಕಿ ಕಾವು ಕೂರುತ್ತದೆ, ಮರಿ ಆಗುವುದಿಲ್ಲ. ಹಿಕ್ಕೆ ಒಂದೇ ಕಡೆ ಬೀಳುತ್ತದೆ, ಸ್ವಚ್ಛ ಮಾಡಲು ಸುಲಭ. ಈ ಕ್ರಮ ಜರ್ಮನಿಯ ಬೇರೆ ನಗರಗಳಿಗೂ ಹರಡಿತು.

ಕಾಲಿನ ಬೆರಳಿಲ್ಲದ ಪಾರಿವಾಳದ ಮಾತು ಮೊದಲೇ ಬಂತು. ಅದು ಹುಟ್ಟು ಅಂಗವಿಕಲತೆಯಲ್ಲ. ಬೀದಿಯ ದಾರ, ಮಾಂಜಾ, ಮನುಷ್ಯರ ಕೂದಲು ಬೆರಳಿಗೆ ಸುತ್ತಿ ಬಿಗಿದು, ರಕ್ತ ನಿಂತು, ಬೆರಳು ಉದುರುತ್ತದೆ. ಪ್ಯಾರಿಸ್ಸಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಷೌರದಂಗಡಿಗಳು ಹೆಚ್ಚಿದ್ದ ಬಡಾವಣೆಗಳಲ್ಲೇ ಬೆರಳು ಕಳೆದುಕೊಂಡ ಪಾರಿವಾಳಗಳು ಹೆಚ್ಚು ಕಂಡವು. ತಲೆ ಬಾಚಿದ ಕೂದಲನ್ನು ಕಿಟಕಿಯಿಂದ ಎಸೆಯುವ ಅಭ್ಯಾಸ ನಮ್ಮಲ್ಲೂ ಇದೆ. ಅದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ದಾರ ಸುತ್ತಿದ ಹಕ್ಕಿ ಕೈಗೆ ಸಿಕ್ಕರೆ ಬಟ್ಟೆ ಹೊದಿಸಿ, ಕತ್ತಲೆಯಲ್ಲಿ ಅದು ಶಾಂತವಾದ ಮೇಲೆ ಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಸಣ್ಣ ಕತ್ತರಿಯಿಂದ ದಾರವನ್ನು ಬಿಡಿಸಿ. ಆಳವಾಗಿ ಕೊಯ್ದಿದ್ದರೆ ಪಶುವೈದ್ಯರಿಗೆ ಬಿಡಿ.

ಬಾಲ್ಕನಿಗೆ ಬಲೆ ಕಟ್ಟಿಸುವವರಲ್ಲಿ ಒಂದು ಬೇಡಿಕೆ: ಗೂಡಿದ್ದರೆ ಮೊಟ್ಟೆಯಿಂದ ಮರಿ ಹಾರುವವರೆಗೆ ಒಂದೂವರೆ ತಿಂಗಳು ತಾಳಿ, ಆಮೇಲೆ ಸಂದು ಬಿಡದೆ ಬಿಗಿಯಾಗಿ ಕಟ್ಟಿಸಿ. ತಾರಸಿಯ ಮೇಲೆ ಜೋಳ ಸುರಿಯುವವರಲ್ಲಿ ಇನ್ನೊಂದು: ಆ ಐದು ಕೆ.ಜಿ.ಯ ಹಣದಲ್ಲಿ ನೀರಿನ ಬಟ್ಟಲುಗಳನ್ನು ತಂದಿಡಿ. ಮತ್ತು ನಮ್ಮ ನಗರಪಾಲಿಕೆಗಳು ದಂಡದ ಸುತ್ತೋಲೆ ಹೊರಡಿಸುವ ಮೊದಲು, ಆಗ್ಸ್‌ಬರ್ಗ್ ಮಾದರಿಯ ಪಾರಿವಾಳದ ಮನೆಯನ್ನು ಒಂದೇ ಒಂದು ಬಡಾವಣೆಯಲ್ಲಿ, ಒಬ್ಬ ಪಶುವೈದ್ಯರ ಉಸ್ತುವಾರಿಯಲ್ಲಿ, ಕಟ್ಟಿ ನೋಡಲಿ.